ಇದು ಖರ್ಚೋ, ಆಸ್ತಿಯೋ?

(ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಕೆಲಸದಲ್ಲಿರುವ ಯುವಜನರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಓಡಿಸಿಬಿಟ್ಟ ಒಂದೆರಡು ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇದೇ ಊರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ನಮ್ಮ ಜಿಲ್ಲೆಯದೇ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಆರು ವರ್ಷ ಕಿಲ್ನ್ (ಸಿಮೆಂಟಿನ ಕಚ್ಚಾಮಾಲು ಬೇಯಿಸುವ ದೊಡ್ಡ ಕುಲುಮೆ) ಮೇಂಟೆನೆನ್ಸ್ ನೋಡಿಕೊಂಡೆ. ಈಗ ಮುಂಬೈಯ ಒಂದು ಸಣ್ಣ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿದ್ದೇನೆ. ಸಿಮೆಂಟ್, ಉಕ್ಕು, ಕಟ್ಟಡ ಸಾಮಗ್ರಿಯ ಕಂಪನಿಗಳು ಕೈ ಬದಲಾಗುವಾಗ, ಬಂಡವಾಳ ಎತ್ತುವಾಗ ಅವುಗಳ ಪರವಾಗಿ ಲೆಕ್ಕ, ಕಾಗದ, ಮಾತುಕತೆ ಮಾಡುವುದು ನನ್ನ ಕೆಲಸ. ಹಣಕಾಸು ಓದದವರು ಈ ಕಡೆ ಬರಬಹುದೇ ಎಂದು ಸಂಘಟಕರು ಕೇಳಿದ್ದಾರೆ. ಬರಬಹುದು. ಆದರೆ ಕಲಿತದ್ದನ್ನು ಬಿಟ್ಟು ಬರಬೇಡಿ, ಹೊತ್ತುಕೊಂಡು ಬನ್ನಿ. ಇವತ್ತು ಈ ಒಂದು ಮಾತನ್ನೇ ಹೇಳಲು ನಿಂತಿದ್ದೇನೆ.

ಮೊದಲು ಈ ಕೆಲಸ ಏನೆಂದು ನೋಡೋಣ. ಬ್ಯಾಂಕ್ ಎಂಬ ಶಬ್ದ ಇರುವುದರಿಂದ ಠೇವಣಿ, ಪಾಸ್‌ಬುಕ್, ಚಿನ್ನದ ಸಾಲ ಕಣ್ಣಿಗೆ ಬರುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ನಮ್ಮ ತಂದೆ ಗಂಜ್‌ನ, ಅಂದರೆ ಧಾನ್ಯದ ಮಾರುಕಟ್ಟೆಯ, ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ತೊಗರಿ ಸುಗ್ಗಿಯಲ್ಲಿ ನಾನೂ ಹೋಗಿ ಕೂರುತ್ತಿದ್ದೆ. ಅಡತಿ ತೊಗರಿ ಬೆಳೆಯುವವನಲ್ಲ, ಬೇಳೆ ಮಾಡುವ ಮಿಲ್ಲಿನವನೂ ಅಲ್ಲ. ಮಾಲು ರೈತನದು, ದುಡ್ಡು ಮಿಲ್ಲಿನವನದು. ಖರೀದಿದಾರ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈ ಮೇಲೆ ಕಾಳು ಸುರುವಿಕೊಂಡು, ತೇವ ಎಷ್ಟಿದೆ, ಹುಳುಕು ಎಷ್ಟಿದೆ ನೋಡುತ್ತಾನೆ. ಆಮೇಲೆ ಸವಾಲು (ಹರಾಜು), ತೂಕ, ಪಟ್ಟಿ, ಕಮಿಷನ್. ಒಂದು ಕಂಪನಿಯನ್ನು ಇಡಿಯಾಗಿ ಮಾರುವಾಗಲೂ ನಡೆಯುವುದು ಇದೇ. ಚೀಲಕ್ಕೆ ಕೊಳವೆ ಚುಚ್ಚುವುದನ್ನು ನಾವು ಡ್ಯೂ ಡಿಲಿಜೆನ್ಸ್ ಅನ್ನುತ್ತೇವೆ. ಗಂಜ್‌ನಲ್ಲಿ ಅರ್ಧ ನಿಮಿಷಕ್ಕೆ ಮುಗಿಯುವ ಈ ಕೆಲಸ ನಮ್ಮಲ್ಲಿ ಮೂರು ತಿಂಗಳು ಹಿಡಿಯುತ್ತದೆ.

ಮುಂಬೈಯಲ್ಲಿ ನಡೆಯುವ ಈ ವ್ಯವಹಾರ ನಮಗೇನು ಸಂಬಂಧ ಅನ್ನಬೇಡಿ. 2022ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಭಾರತದಿಂದ ಹೊರಟಿತು. ಅದರ ಕೈಯಲ್ಲಿದ್ದ ಅಂಬುಜಾ ಸಿಮೆಂಟ್ಸ್ ಮತ್ತು ಎಸಿಸಿ ಅದಾನಿ ಸಮೂಹಕ್ಕೆ ಬಂದವು. ಹಾಗೆ ಬಂದ ಆಸ್ತಿಯಲ್ಲಿ ನಮ್ಮ ವಾಡಿಯ ಕಾರ್ಖಾನೆಯೂ ಒಂದು. ವಾಡಿಯ ಗೇಟಿನ ಒಳಗೆ ಆ ದಿನ ಒಂದು ಬೋಲ್ಟೂ ಅಲುಗಲಿಲ್ಲ, ಪಾಳಿ ಎಂದಿನಂತೆ ಬದಲಾಯಿತು. ಒಡೆತನ ಬದಲಾದದ್ದು ಕಾಗದದಲ್ಲಿ. ಅಷ್ಟು ದೊಡ್ಡ ಪಾಲು ಕೈ ಬದಲಾದರೆ ಉಳಿದ ಸಣ್ಣ ಷೇರುದಾರರಿಗೂ ಮಾರಿ ಹೊರಡುವ ಅವಕಾಶ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ನಿಯಮ ಹೇಳುತ್ತದೆ. ಹಾಗಾಗಿ ಎರಡೂ ಕಂಪನಿಗಳ ಇನ್ನೂ ಶೇ. 26ರಷ್ಟು ಷೇರುಗಳಿಗೆ ಓಪನ್ ಆಫರ್ ಬಂತು. ಎಸಿಸಿಯ ಷೇರಿಗೆ 2,300 ರೂಪಾಯಿ, ಅಂಬುಜಾದ ಷೇರಿಗೆ 385 ರೂಪಾಯಿ.

ಸೇಡಂನ ಕಥೆ ಇನ್ನೂ ಹತ್ತಿರದ್ದು. ಕೇಸೋರಾಮ್ ಕಂಪನಿಯ ಸಿಮೆಂಟ್ ವ್ಯವಹಾರವನ್ನು ಅಲ್ಟ್ರಾಟೆಕ್ ತನ್ನೊಳಗೆ ಸೇರಿಸಿಕೊಳ್ಳುವುದಾಗಿ 2023ರ ನವೆಂಬರ್ ಕೊನೆಗೆ ಘೋಷಿಸಿತು. ಅದು ಜಾರಿಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಕೇಸೋರಾಮ್‌ನ 52 ಷೇರು ಇದ್ದವರಿಗೆ ಅಲ್ಟ್ರಾಟೆಕ್‌ನ 1 ಷೇರು. ಸೇಡಂ ಮತ್ತು ತೆಲಂಗಾಣದ ಬಸಂತನಗರ ಸೇರಿ ವರ್ಷಕ್ಕೆ 1 ಕೋಟಿ 7.5 ಲಕ್ಷ ಟನ್ ಸಾಮರ್ಥ್ಯ. ಸಾಲವನ್ನೂ ಸೇರಿಸಿ ಹಿಡಿದ ಬೆಲೆ ಸುಮಾರು 7,600 ಕೋಟಿ ರೂಪಾಯಿ. ಭಾಗಿಸಿ ನೋಡಿ. ಒಂದು ಟನ್ ಸಾಮರ್ಥ್ಯಕ್ಕೆ ಸುಮಾರು 7,070 ರೂಪಾಯಿ ಬರುತ್ತದೆ. ಸಿಮೆಂಟ್ ಕಂಪನಿಗಳನ್ನು ಹೋಲಿಸುವಾಗ ನಾವು ಮೊದಲು ಹಾಕುವ ಲೆಕ್ಕ ಇದು, ಟನ್ನಿಗೆ ಎಷ್ಟು ಅಂತ. ಏಳನೇ ತರಗತಿಯ ಭಾಗಾಕಾರ. ಕಷ್ಟ ಇರುವುದು ಭಾಗಾಕಾರದಲ್ಲಲ್ಲ, ಆ ಟನ್ ನಿಜವೇ ಎಂಬುದರಲ್ಲಿ. ಅದಕ್ಕೆ ಮುಂದೆ ಬರುತ್ತೇನೆ.

ನನಗೆ ಈ ದಾರಿ ತೆರೆದದ್ದು ಒಂದು ರಾತ್ರಿ ಪಾಳಿಯಲ್ಲಿ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಕಿಲ್ನಿನ ಒಂದು ಭಾಗದ ಶಾಖ ಏರುತ್ತಲೇ ಹೋಯಿತು. ಹೊರಗೆ ಬಂದು ನೋಡಿದರೆ, ತಿರುಗುತ್ತಿರುವ ಉಕ್ಕಿನ ಕೊಳವೆಯ ಮೈಮೇಲೆ ಊಟದ ತಟ್ಟೆಯಷ್ಟು ಅಗಲದ ಕೆಂಪು ಮಚ್ಚೆ. ಪ್ರತಿ ಸುತ್ತಿಗೂ ಅದು ಮೇಲೆ ಬರುತ್ತಿತ್ತು, ಕತ್ತಲಲ್ಲಿ ಕೆಂಡದ ಹಾಗೆ ಹೊಳೆದು ಆಚೆ ಬದಿಗೆ ಇಳಿಯುತ್ತಿತ್ತು. ಒಳಗೆ ಮಾಲು 1,450 ಡಿಗ್ರಿಗೆ ಬೇಯುವ ಜಾಗ. ಉಕ್ಕನ್ನು ಕಾಯುವ ಒಳಗಿನ ಇಟ್ಟಂಗಿ ಕಳಚಿ ಬಿದ್ದಿತ್ತು. ಕಿಲ್ನ್ ನಿಲ್ಲಿಸಿ, ತಣಿಸಿ, ಹಳೆಯದನ್ನು ಒಡೆದು ತೆಗೆದು, ಹೊಸ ಇಟ್ಟಂಗಿ ಕಟ್ಟಿ, ಮತ್ತೆ ಮೆಲ್ಲಗೆ ಕಾಯಿಸಿ ಮಾಲು ಬಿಡುವಷ್ಟರಲ್ಲಿ ಒಂಬತ್ತು ದಿನ ಹೋಯಿತು. ದಿನಕ್ಕೆ 6,000 ಟನ್ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಬೆಂದ ಉಂಡೆ) ಕೊಡುವ ಕಿಲ್ನ್. ನಾನು ವರದಿಯಲ್ಲಿ ಬರೆದೆ: 54,000 ಟನ್ ನಷ್ಟ, ಇಷ್ಟು ಮೀಟರ್ ಇಟ್ಟಂಗಿ, ಇಷ್ಟು ಜನ, ಇಷ್ಟು ತಾಸು.

ಮರುವಾರ ಅಕೌಂಟ್ಸ್ ವಿಭಾಗದ ಹಿರಿಯರು ಕರೆಸಿದರು. ನಿವೃತ್ತಿಗೆ ಎರಡು ವರ್ಷ ಇದ್ದವರು. ನನ್ನ ವರದಿ ಮೇಜಿನ ಮೇಲಿತ್ತು.

"ತಮ್ಮಾ, ಈ ಇಟ್ಟಂಗಿ ಖರ್ಚೋ, ಆಸ್ತಿಯೋ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಂದ್ರೇನ್ರೀ ಸರ?" ಅಂದೆ.

"ಬಿದ್ದಿದ್ದರ ಜಾಗಕ್ಕ ಅಂಥಾದೇ ಇಟ್ಟು ಮೊದ್ಲಿನಂಗ ಓಡಿಸಿದ್ರ ಅದು ರಿಪೇರಿ. ಈ ವರ್ಷದ ಲಾಭದಾಗ ಪೂರಾ ಕಳೀತದ. ಹೊಸಾ ನಮೂನಿದು ಹಾಕಿ, ಅದರಿಂದ ನಾಕು ವರ್ಷ ಹೆಚ್ಚಿಗಿ ಬಾಳಿಕಿ ಬಂದ್ರ ಅದು ಆಸ್ತಿ. ವರ್ಷಾ ಸವಕಳಿ ಅಂತ ಸ್ವಲ್ಪ ಸ್ವಲ್ಪ ಕಳೀತದ. ಯಾವುದು ಅಂತ ಹೇಳಾಂವ ನೀನು. ನನಗ ಇಟ್ಟಂಗಿ ತಿಳಿಯಂಗಿಲ್ಲ."

ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಕೋಟಿಗಟ್ಟಲೆ ಲೆಕ್ಕ ಬರೆಯುವವರು ಆ ಲೆಕ್ಕದ ತಳಕ್ಕೆ ಹೋದಾಗ ನನ್ನಂಥ ಎಣ್ಣೆ ಕೈಯವನನ್ನು ಕೇಳಬೇಕಾಗುತ್ತದೆ. ಹಾಗಿದ್ದರೆ ಅವರ ಭಾಷೆ ನಾನು ಕಲಿತರೆ? ಮರುದಿನದಿಂದ ಊಟದ ಡಬ್ಬಿ ಹಿಡಿದು ಅವರ ಕೋಣೆಗೆ ಹೋಗತೊಡಗಿದೆ. ಎಂಟು ತಿಂಗಳು, ದಿನಕ್ಕೆ ಅರ್ಧ ತಾಸು. ನಮ್ಮ ಕಂಪನಿಯ ವಾರ್ಷಿಕ ವರದಿಯೇ ಪಠ್ಯಪುಸ್ತಕ. ಕಲ್ಲಿದ್ದಲು ಎಂಬ ಸಾಲು ಬಂದರೆ ನನಗೆ ಬರ್ನರಿನ ಉರಿ ಕಾಣುತ್ತಿತ್ತು, ಬಿಡಿಭಾಗಗಳ ದಾಸ್ತಾನು ಎಂಬ ಸಾಲು ಬಂದರೆ ನಮ್ಮ ಸ್ಟೋರಿನ ಕಪಾಟು. ವಾಣಿಜ್ಯ ಓದಿದ ಹುಡುಗನಿಗೆ ಆ ಸಾಲುಗಳು ಬರೀ ಅಂಕಿ. ಇದು ನಮ್ಮ ಕಡೆಯ ಲಾಭ, ಇದನ್ನು ಯಾರೂ ನಮಗೆ ಹೇಳುವುದಿಲ್ಲ.

ಹಾಗಂತ ಅಂಕಿಯನ್ನು ಹಗುರ ಮಾಡಿಕೊಳ್ಳಬೇಡಿ. ನನ್ನ ಮೊದಲ ಸಂದರ್ಶನ ಹನ್ನೆರಡು ನಿಮಿಷಕ್ಕೆ ಮುಗಿಯಿತು. ಕೇಳಿದ್ದು ಒಂದೇ ಪ್ರಶ್ನೆ: ಸವಕಳಿ 10 ರೂಪಾಯಿ ಹೆಚ್ಚಾದರೆ ಮೂರೂ ಪಟ್ಟಿಗಳಲ್ಲಿ ಏನಾಗುತ್ತದೆ? ಲಾಭ–ನಷ್ಟ, ನಗದು ಹರಿವು, ಆಸ್ತಿ–ಹೊಣೆ, ಈ ಮೂರು. ನಾನು ಲಾಭ 10 ರೂಪಾಯಿ ಇಳಿಯುತ್ತದೆ ಎಂದು ಹೇಳಿ ನಿಂತುಬಿಟ್ಟೆ. ಈ ಹಲಗೆಯ ಮೇಲೆ ಬಿಡಿಸುತ್ತೇನೆ, ನೋಡಿ. ತೆರಿಗೆ ಶೇ. 25 ಎಂದು ಇಟ್ಟುಕೊಳ್ಳಿ. ಸವಕಳಿ 10 ಏರಿದರೆ ತೆರಿಗೆ ಕಟ್ಟುವ ಮುಂಚಿನ ಲಾಭ 10 ಇಳಿಯಿತು. ಕಟ್ಟಬೇಕಾದ ತೆರಿಗೆ 2.50 ಉಳಿಯಿತು. ಹಾಗಾಗಿ ನಿವ್ವಳ ಲಾಭ ಇಳಿದದ್ದು 7.50. ಈಗ ನಗದಿಗೆ ಬನ್ನಿ. ಸವಕಳಿ ಎಂದರೆ ಯಾರ ಕೈಗೂ ದುಡ್ಡು ಕೊಟ್ಟಿದ್ದಲ್ಲ, ಬರೀ ಬರವಣಿಗೆ. ಇಳಿದ 7.50ಕ್ಕೆ ಆ 10ನ್ನು ಮರಳಿ ಕೂಡಿಸಿ. ಕೈಯಲ್ಲಿ 2.50 ಹೆಚ್ಚಾಗಿದೆ, ಉಳಿದ ತೆರಿಗೆ ಅದು. ಕೊನೆಗೆ ಆಸ್ತಿ–ಹೊಣೆ ಪಟ್ಟಿ. ಯಂತ್ರದ ಬೆಲೆ 10 ಇಳಿಯಿತು, ನಗದು 2.50 ಏರಿತು, ಒಟ್ಟು ಆಸ್ತಿ 7.50 ಇಳಿಯಿತು. ಆಚೆ ಬದಿಯಲ್ಲಿ ಮಾಲೀಕರ ಪಾಲೂ ಅದೇ 7.50 ಇಳಿದಿದೆ. ಎರಡೂ ತಟ್ಟೆ ಸಮ. ಲಾಭ ಇಳಿದ ವರ್ಷವೇ ನಗದು ಏರಬಹುದು! ಇದು ನಿಮಗೆ ನಿದ್ದೆಯಲ್ಲೂ ಬರುವ ತನಕ ಎಲ್ಲಿಗೂ ಅರ್ಜಿ ಹಾಕಬೇಡಿ.

ಆ ಸೋಲಿನ ನಂತರ ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ, ಏಕೆಂದರೆ ಈ ಸಭೆಯಲ್ಲಿ ಕೆಲವರು ಅದೇ ಹಾದಿಯಲ್ಲಿ ಇರಬಹುದು. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ ಎಂಬ ಜಾಹೀರಾತು ನಂಬಿ ಒಂದು ತರಬೇತಿ ಸಂಸ್ಥೆಗೆ 85,000 ರೂಪಾಯಿ ಕಟ್ಟಿದೆ. ಮೊದಲೇ ತಯಾರಾದ ಎಕ್ಸೆಲ್ ಹಾಳೆ ಕೊಟ್ಟು ಅದರಲ್ಲಿ ಅಂಕಿ ತುಂಬಿಸಿದರು. ಆ ಅಂಕಿ ಎಲ್ಲಿಂದ ಬಂತು, ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಕೆಲಸ ಎಂದು ಬಂದದ್ದು ಕ್ರೆಡಿಟ್ ಕಾರ್ಡು ಮಾರುವ ಕರೆ. ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿನ ದುಡ್ಡು ಅದು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗ್ಯಾರಂಟಿ ಎಂಬ ಶಬ್ದ ಕಂಡ ಕಡೆ ನಿಮ್ಮ ಅಪ್ಪನ ದುಡ್ಡು ಹಾಕಬೇಡಿ.

ಹಾಗಾದರೆ ದಾರಿ ಯಾವುದು? ದೊಡ್ಡ ಐಐಎಂಗಳಲ್ಲಿ ಎಂಬಿಎ ಮಾಡಿ ಕ್ಯಾಂಪಸ್ಸಿನಿಂದಲೇ ಸೇರುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದರ ಪ್ರವೇಶ ಪರೀಕ್ಷೆ ಕ್ಯಾಟ್‌ನಲ್ಲಿ ಅಷ್ಟು ಅಂಕ ಬರುವುದಾದರೆ, ಸಾಲ ತೀರಿಸುವ ಧೈರ್ಯ ಇದ್ದರೆ ಹೋಗಿ. ಸಿಎ ಬಲವಾದದ್ದು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ಕಡ್ಡಾಯ ತರಬೇತಿ, ಎರಡು ವರ್ಷಕ್ಕೆ ಇಳಿದಿದೆ. ಆದರೂ ಮೂವತ್ತರ ಆಸುಪಾಸಿನಲ್ಲಿ, ಮನೆ ನಡೆಸುತ್ತ ಅದನ್ನು ಹಿಡಿಯುವುದು ಭಾರ. ಹೂಡಿಕೆ ವಿಶ್ಲೇಷಣೆಯ ಪರೀಕ್ಷೆಯಾದ ಸಿಎಫ್‌ಎ ಕೆಲಸ ಮಾಡುತ್ತಲೇ ಓದಬಹುದು. ಮೂರು ಹಂತ, ಒಂದೊಂದಕ್ಕೆ ಸುಮಾರು 300 ತಾಸು ಬೇಕೆಂದು ಅದನ್ನು ನಡೆಸುವ ಸಂಸ್ಥೆಯೇ ಹೇಳುತ್ತದೆ. ನಾನು ಎರಡು ಹಂತ ಮುಗಿಸಿದೆ. ಜ್ಞಾನ ಬಂತು, ಬಾಗಿಲು ಅದರಿಂದ ತೆರೆಯಲಿಲ್ಲ.

ನನಗೆ ತೆರೆದದ್ದು ಪಕ್ಕದ ಬಾಗಿಲು. ಬ್ಯಾಂಕುಗಳು ಕಾರ್ಖಾನೆಗೆ ನೂರಾರು ಕೋಟಿ ಸಾಲ ಕೊಡುವಾಗ, ಯೋಜನೆಯ ಅಂದಾಜು ಸರಿಯಿದೆಯೇ, ಕೆಲಸ ಹೇಳಿದಷ್ಟು ನಡೆದಿದೆಯೇ ಎಂದು ನೋಡಲು ತಮ್ಮ ಪರವಾಗಿ ಒಬ್ಬ ಇಂಜಿನಿಯರನ್ನು ನೇಮಿಸುತ್ತವೆ. ಲೆಂಡರ್ಸ್ ಇಂಜಿನಿಯರ್ ಎಂದು ಕರೆಯುತ್ತಾರೆ. ಅಂಥ ವರದಿ ಮಾಡುವ ಒಂದು ಕಚೇರಿಗೆ ಹೈದರಾಬಾದಿನಲ್ಲಿ ಸೇರಿದೆ. ಸಂಬಳ ಹೆಚ್ಚಾಗಲಿಲ್ಲ. ಆದರೆ ಬೆಳಗ್ಗೆ ಕಾರ್ಖಾನೆ, ಸಂಜೆ ಸಾಲದ ಲೆಕ್ಕ. ಎರಡೂ ಒಂದೇ ಕೈಯಲ್ಲಿ. ಅಲ್ಲಿಂದ ಕಂಪನಿಗಳ ಮೌಲ್ಯ ಕಟ್ಟುವ ಸಲಹಾ ಸಂಸ್ಥೆ, ಅಲ್ಲಿಂದ ಈಗಿರುವ ಜಾಗ. ಒಟ್ಟು ಐದು ವರ್ಷ ಹಿಡಿಯಿತು. ಕಾರ್ಖಾನೆ ಬಿಟ್ಟು ನೇರವಾಗಿ ಜಿಗಿಯುತ್ತೇನೆ ಎಂದಿದ್ದರೆ ನಡುವೆ ಬೀಳುತ್ತಿದ್ದೆ. ಕಂಪನಿಗಳ ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ರೇಟಿಂಗ್ ಏಜೆನ್ಸಿ, ಬ್ಯಾಂಕಿನ ಯೋಜನಾ ಪರಿಶೀಲನೆ ವಿಭಾಗ, ನಿಮ್ಮದೇ ಕಂಪನಿಯ ಹಣಕಾಸು ವಿಭಾಗ, ಇವೂ ಇಂಥ ಪಕ್ಕದ ಬಾಗಿಲುಗಳೇ.

ಈಗ ಆ ಟನ್ನಿನ ಮಾತು. ಮುಂಬೈಗೆ ಸೇರಿದ ನಾಲ್ಕನೇ ತಿಂಗಳು. ಒಂದು ಸಿಮೆಂಟ್ ಕಂಪನಿ ಮಾರಾಟಕ್ಕಿತ್ತು, ಕೊಳ್ಳುವವರ ಪರ ನಾವು. ಮಾರುವವರು ಕೊಟ್ಟ ಪುಸ್ತಿಕೆಯಲ್ಲಿ ಸಾಮರ್ಥ್ಯ ವರ್ಷಕ್ಕೆ 30 ಲಕ್ಷ ಟನ್. ಟನ್ನಿಗೆ ಇಷ್ಟು ಎಂದು ಗುಣಿಸಿ ಬೆಲೆ ಸಿದ್ಧವಾಗಿತ್ತು. ರಾತ್ರಿ ಹನ್ನೊಂದು ದಾಟಿತ್ತು, ನನಗಿಂತ ಐದು ವರ್ಷ ಕಿರಿಯನಾದ ನನ್ನ ಮೇಲಿನವನು ಬೆಳಗಿನ ಸಭೆಗೆ ಹಾಳೆ ತಯಾರು ಮಾಡುತ್ತಿದ್ದ. ನಾನು ಯಂತ್ರಗಳ ಪಟ್ಟಿ ಓದುತ್ತ ಕೂತಿದ್ದೆ. ಕಿಲ್ನ್ ಒಂದೇ. ವರ್ಷಕ್ಕೆ 15 ಲಕ್ಷ ಟನ್ ಕ್ಲಿಂಕರ್. ಅರೆಯುವ ಗಿರಣಿಗಳು ಮಾತ್ರ 30 ಲಕ್ಷ ಟನ್ನಿನವು. ಅವರು ಮಾಡುವುದು ಹಾರುಬೂದಿ ಬೆರೆಸಿದ ಸಿಮೆಂಟ್. ಅದರಲ್ಲಿ ಬೂದಿ ಶೇ. 35 ದಾಟುವಂತಿಲ್ಲ ಎಂದು ಮಾನದಂಡ ಹೇಳುತ್ತದೆ. ಅಂದರೆ, ಸ್ವಲ್ಪ ಜಿಪ್ಸಮ್ ಕಳೆದರೂ, ನೂರು ಕಿಲೋ ಸಿಮೆಂಟಿಗೆ ಕಡಿಮೆಯೆಂದರೂ ಅರವತ್ತು ಕಿಲೋ ಮೇಲೆ ಕ್ಲಿಂಕರ್ ಬೇಕೇ ಬೇಕು. 15 ಲಕ್ಷ ಟನ್ ಕ್ಲಿಂಕರಿನಿಂದ ಎಷ್ಟೇ ಎಳೆದರೂ ಸುಮಾರು 23–24 ಲಕ್ಷ ಟನ್ ಸಿಮೆಂಟ್ ಬರಬಹುದು. ಉಳಿದ ಆರೇಳು ಲಕ್ಷ ಟನ್ನಿಗೆ ಕ್ಲಿಂಕರ್ ಹೊರಗಿನಿಂದ ಕೊಳ್ಳಬೇಕು. ಪುಸ್ತಿಕೆಯಲ್ಲಿ ಸುಳ್ಳಿರಲಿಲ್ಲ, ಗಿರಣಿಗಳು ಅಷ್ಟು ಅರೆಯುತ್ತವೆ. ಆದರೆ ಅರೆಯಲು ಮಾಲೇ ಇಲ್ಲ.

ಹೇಳಿದೆ. ಆ ಹುಡುಗ ಕುರ್ಚಿ ಎಳೆದುಕೊಂಡು ಬಂದ. ಹದಿನೈದು ನಿಮಿಷ ಹಾಳೆಯ ಮೇಲೆ ಕಿಲ್ನಿನಿಂದ ಗಿರಣಿವರೆಗೆ ಚಿತ್ರ ಬರೆದು ತೋರಿಸಿದೆ. ಅವನು ಚಾರ್ಟರ್ಡ್ ಅಕೌಂಟೆಂಟ್, ಬಹಳ ಚುರುಕು. ಅವನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಬೆಳಗಿನ ಸಭೆಗೆ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿಯವರೆಗೆ ನಾನು ಆ ಕಚೇರಿಯಲ್ಲಿ ಹಾಳೆಯ ಕೊನೆಯಲ್ಲಿ ಪುಟಸಂಖ್ಯೆ ಸರಿ ಮಾಡುವವನು.

ಇದು ಸಿಮೆಂಟಿನವರಿಗೆ ಮಾತ್ರ ಅನ್ವಯ ಎಂದುಕೊಳ್ಳಬೇಡಿ. ಬೀದರಿನ ಕೊಳಾರದಲ್ಲೋ ಯಾದಗಿರಿಯ ಕಡೇಚೂರಿನಲ್ಲೋ ಔಷಧ, ರಾಸಾಯನಿಕ ಘಟಕಗಳಲ್ಲಿ ಕೆಲಸ ಮಾಡುವ ಎಂ.ಎಸ್ಸಿ ಕೆಮಿಸ್ಟ್ರಿಯವರು ಇಲ್ಲಿದ್ದೀರಿ. ಒಂದು ಘಟಕ ತನ್ನ ತ್ಯಾಜ್ಯ ನೀರನ್ನು ನಿಜವಾಗಿ ಏನು ಮಾಡುತ್ತದೆ, ಅದನ್ನು ಸರಿಪಡಿಸಲು ಎಷ್ಟು ಖರ್ಚು ಎಂದು ನಿಮಗೆ ತಿಳಿದಷ್ಟು ಯಾವ ಎಂಬಿಎಗೂ ತಿಳಿಯದು. ಕೊಳ್ಳುವವನು ತಲೆಗೆ ಕಟ್ಟಿಕೊಳ್ಳುವ ದೊಡ್ಡ ಹೊಣೆ ಅಲ್ಲೇ ಅಡಗಿರುತ್ತದೆ. ಕೃಷಿ ಓದಿದವರು, ನರ್ಸಿಂಗ್ ಮಾಡಿ ಆಸ್ಪತ್ರೆ ಆಡಳಿತಕ್ಕೆ ಬಂದವರು, ಎಲ್ಲರ ಬಳಿಯೂ ಇಂಥ ಒಂದು ಟನ್ನಿನ ಲೆಕ್ಕ ಇದ್ದೇ ಇರುತ್ತದೆ.

ಬೆಲೆ ತೆರಬೇಕಾದದ್ದೂ ಇದೆ. ಮೊದಲ ಎರಡು ವರ್ಷ ಮನೆಗೆ ಕಳಿಸುವ ದುಡ್ಡು ಕಡಿಮೆಯಾಯಿತು. ಕಿರಿಯರ ಕೈಕೆಳಗೆ ಕೆಲಸ ಮಾಡಬೇಕು, ಅದಕ್ಕೆ ಮನಸ್ಸು ಒಗ್ಗಿಸಿಕೊಳ್ಳಬೇಕು. ಡೀಲ್ ನಡೆಯುವಾಗ ರಾತ್ರಿ ಎರಡಕ್ಕೆ ಮಲಗಿ ಏಳಕ್ಕೆ ಏಳುವ ದಿನಗಳು ವಾರಗಟ್ಟಲೆ ಇರುತ್ತವೆ. ನನ್ನ ಮಗಳ ಜವಳ ಕಾರ್ಯಕ್ಕೆ ನಾನು ಬರಲಾಗಲಿಲ್ಲ. ಅದಕ್ಕೆ ಸಮಾಧಾನದ ಮಾತು ನನ್ನ ಬಳಿ ಇಲ್ಲ. ಹೊರಡುವ ಮುಂಚೆ ಮನೆಯವರ ಹತ್ತಿರ ಕೂತು ಇದನ್ನೆಲ್ಲ ಬಿಡಿಸಿ ಹೇಳಿ.

ಇನ್ನೊಂದು, ನಮ್ಮ ಕಡೆಯವರಿಗೆ ವಿಶೇಷವಾಗಿ. ಕಳೆದ ವರ್ಷ ಆಳಂದ ಕಡೆ ಒಂದು ಮದುವೆಯಲ್ಲಿ ನಮ್ಮ ಕಾಕಾ ಪಕ್ಕಕ್ಕೆ ಕರೆದರು. "ಯಾವ ಕಂಪನಿ ಯಾರು ತೊಗೊಳ್ಳಕತ್ತಾರ, ನಿನಗ ಮೊದ್ಲೇ ಗೊತ್ತಿರ್ತದಲ್ಲ. ಒಂದ್ ಹೆಸರು ಹೇಳು, ನಾಕು ಷೇರು ಹಿಡೀತೀನಿ." ಕೇಳಿದ್ದು ಪ್ರೀತಿಯಿಂದ, ಸಲಿಗೆಯಿಂದ. ಬಹಿರಂಗವಾಗದ ಸುದ್ದಿ ಹೇಳುವುದೂ ಅಪರಾಧ, ಕೇಳಿ ವ್ಯವಹಾರ ಮಾಡುವುದೂ ಅಪರಾಧ. ಸೆಬಿಯ 2015ರ ನಿಯಮ ಇದಕ್ಕಾಗಿಯೇ ಇದೆ. "ಕಾಕಾ, ಹೇಳಿದ್ರ ನನ್ನ ಕೆಲಸ ಹೋಗ್ತದ, ನಿಮ್ಮ ಮನಿಗೂ ನೋಟಿಸ್ ಬರ್ತದ" ಅಂದೆ. ಬೇಸರ ಮಾಡಿಕೊಂಡರು. ನಾಲ್ಕು ತಿಂಗಳು ಮಾತಾಡಲಿಲ್ಲ. ಈ ಕೆಲಸಕ್ಕೆ ಬರುವವರು ಆ ಬೇಸರವನ್ನು ತಡೆದುಕೊಳ್ಳಲೇಬೇಕು.

ಮಾತು ಮುಗಿದ ಮೇಲೆ ಜೇವರ್ಗಿ ಕಡೆಯ ಒಬ್ಬ ತಂಗಿ ಎದ್ದು ನಿಂತು ಕೇಳಿದಳು: "ಸರ, ನಾ ಬಿ.ಎಸ್ಸಿ ಅಗ್ರಿ. ಬೀಜದ ಕಂಪನಿಯಾಗ ಕೆಲಸ. ನಾಳಿಂದ ಏನು ಶುರು ಮಾಡ್ಲಿ? ಇಂಗ್ಲಿಷ್ ಅಷ್ಟಕ್ಕಷ್ಟೇ ಅದ."

ಅವಳಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಕೆಲಸ ಬಿಡಬೇಡ. ಜನರಿಗೆ ಷೇರು ಮಾರಿ ಮುಖ್ಯ ಷೇರುಪೇಟೆಗೆ ಬರುವ ಕಂಪನಿ ಸೆಬಿಗೆ ಕರಡು ಮಾಹಿತಿಪತ್ರ ಸಲ್ಲಿಸಬೇಕು. ಡಿಆರ್‌ಎಚ್‌ಪಿ ಅನ್ನುತ್ತಾರೆ. ಸೆಬಿಯ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಬೀಜ, ಗೊಬ್ಬರ, ಆಹಾರದ ಯಾವುದಾದರೂ ಕಂಪನಿಯದು ಒಂದು ಇಳಿಸಿಕೋ. ನಾನೂರು, ಐನೂರು ಪುಟ ಇರುತ್ತದೆ, ಹೆದರಬೇಡ. ಮೊದಲು ಅಪಾಯಗಳ ಅಧ್ಯಾಯ ಓದು. ಕಂಪನಿ ತನ್ನ ಬಾಯಿಂದಲೇ ತನ್ನ ಹುಳುಕು ಹೇಳಿಕೊಳ್ಳುವ ಜಾಗ ಅದು. ನೀನು ಹೊಲದಲ್ಲಿ ಕಂಡದ್ದಕ್ಕೂ ಅಲ್ಲಿ ಬರೆದದ್ದಕ್ಕೂ ತಾಳೆ ನೋಡು. ಬಳಿಕ ಎತ್ತುವ ದುಡ್ಡನ್ನು ಯಾವುದಕ್ಕೆ ಬಳಸುತ್ತಾರೆ ಎಂಬ ಅಧ್ಯಾಯ, ಆಮೇಲೆ ಲೆಕ್ಕಪತ್ರ. ಎರಡನೆಯ ಮಾಹಿತಿಪತ್ರಕ್ಕೆ ಬರುವಷ್ಟರಲ್ಲಿ ಅದೇ ಇನ್ನೂರು–ಮುನ್ನೂರು ಶಬ್ದಗಳು ಮತ್ತೆ ಮತ್ತೆ ಬರುತ್ತಿವೆ ಎಂದು ನಿನಗೇ ಗೊತ್ತಾಗುತ್ತದೆ. ನನ್ನ ಇಂಗ್ಲಿಷೂ ಹಾಗೆಯೇ ಬಂದದ್ದು. ಓದಿದ್ದನ್ನು ಕನ್ನಡದಲ್ಲಿ ಎರಡು ಪುಟ ಬರೆದಿಡು. ಈ ಕಂಪನಿಗೆ ನಾನು ದುಡ್ಡು ಹಾಕುತ್ತಿದ್ದೆನೇ, ಇಲ್ಲವೇ, ಯಾಕೆ ಎಂದು. ಅಂಥ ಹತ್ತು ಟಿಪ್ಪಣಿ ಇದ್ದವರಿಗೆ ಸಂದರ್ಶನದಲ್ಲಿ ಮಾತಿಗೆ ಬರ ಬರುವುದಿಲ್ಲ.

ಅವಳು ಇನ್ನೊಂದು ಕೇಳಿದಳು, ಆ ಸವಕಳಿಯ ಲೆಕ್ಕ ಇನ್ನೊಮ್ಮೆ ಮಾಡಿ ತೋರಿಸ್ತೀರೇನ್ರೀ ಅಂತ. ಹಿಂದಿನ ಸಾಲಿನಿಂದ ಇನ್ನೂ ಐದಾರು ಮಂದಿ ನೋಟುಬುಕ್ಕು ಹಿಡಿದು ಮುಂದೆ ಬಂದರು. ನನ್ನ ರೈಲಿಗೆ ಇನ್ನೂ ಎರಡು ತಾಸು ಇತ್ತು. ಹಲಗೆ ಒರೆಸಿ, ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆ. ಈ ಸಲ ಸವಕಳಿ 10 ಅಲ್ಲ, 40 ಎಂದು ಇಟ್ಟುಕೊಂಡೆವು.